ಎತ್ತರದ, ಭಾರದ ಸವಾರನಿಗೆ ತಕ್ಕ ಸೈಕಲ್ ಚೌಕಟ್ಟು

ಬೈಸಿಕಲ್ಲು ಎಲ್ಲರಿಗೂ ಪರಿಚಿತವಾದ ಯಂತ್ರ. ಪರಿಚಯದ ಕಾರಣದಿಂದಲೇ ಅದರ ಸಾಮರ್ಥ್ಯವನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ಎಂಟು ಕಿಲೋಗ್ರಾಂ ತೂಕದ ರಸ್ತೆ ಸೈಕಲ್ಲು ತನ್ನ ಹತ್ತರಷ್ಟು ತೂಕದ ಮನುಷ್ಯನನ್ನು ಹೊತ್ತು, ಗಂಟೆಗೆ ಮೂವತ್ತು ಕಿಲೋಮೀಟರು ವೇಗದಲ್ಲಿ, ಹಳ್ಳತಿಟ್ಟುಗಳ ಮೇಲೆ ವರ್ಷಗಟ್ಟಲೆ ಓಡುತ್ತದೆ. ಇಷ್ಟು ಹಗುರವಾಗಿದ್ದು ಇಷ್ಟು ಭಾರವನ್ನು ಹೊರುವ ವಾಹನ ಬೇರೊಂದು ಸಿಕ್ಕುವುದು ಕಷ್ಟ.

ಆದರೆ ಅಂಗಡಿಯಲ್ಲಿ ದೊರೆಯುವ ಸೈಕಲ್ಲುಗಳನ್ನು ಸಾಮಾನ್ಯವಾಗಿ ಮಧ್ಯಮ ಮೈಕಟ್ಟಿನ ಸವಾರನನ್ನು ಕಣ್ಣಮುಂದಿಟ್ಟುಕೊಂಡು ರಚಿಸಿರುತ್ತಾರೆ. ೧೯೦ ಸೆಂಟಿಮೀಟರು ಎತ್ತರ, ೧೧೦ ಕಿಲೋಗ್ರಾಂ ತೂಕ ಉಳ್ಳವನೊಬ್ಬನು ಅದೇ ಮಾದರಿಯ ದೊಡ್ಡ ಅಳತೆಯದನ್ನು ಕೊಂಡರೆ ಸಾಕೇ? ಸಾಲದೆಂದೇ ನಮ್ಮ ಉತ್ತರ. ಇಳಿಜಾರಿನಲ್ಲಿ ಧಾವಿಸುತ್ತಿರುವಾಗ ಚೌಕಟ್ಟಿನ ಮುಂಭಾಗ ಮುರಿದರೆ ಸವಾರನು ತಲೆಕೆಳಗಾಗಿ ರಸ್ತೆಗೆ ಬೀಳುತ್ತಾನೆ. ಆದ್ದರಿಂದ ಬಾಳಿಕೆ ಬರುವ ಚೌಕಟ್ಟನ್ನು ಆರಿಸುವುದು ಹಣದ ಪ್ರಶ್ನೆಯಷ್ಟೇ ಅಲ್ಲ. ಪ್ರಾಣದ ಪ್ರಶ್ನೆಯೂ ಹೌದು. ಈ ಆಯ್ಕೆಗೆ ಬೇಕಾದ ಭೌತವಿಜ್ಞಾನವು ಕಾಲೇಜಿನ ಮೊದಲ ವರ್ಷದ ಪಾಠವನ್ನು ಮೀರಿದ್ದಲ್ಲ. ಅದನ್ನು ಕ್ರಮವಾಗಿ ವಿಚಾರಿಸೋಣ.

ಚೌಕಟ್ಟಿನ ರಚನೆ

ಇಂಗ್ಲೆಂಡಿನ ಕವೆಂಟ್ರಿ ನಗರದಲ್ಲಿ ಜಾನ್ ಕೆಂಪ್ ಸ್ಟಾರ್ಲಿ ಎಂಬಾತನು ೧೮೮೫ರಲ್ಲಿ ‘ರೋವರ್’ ಎಂಬ ಸೈಕಲ್ಲನ್ನು ಹೊರತಂದನು. ಅದರ ಎರಡು ಚಕ್ರಗಳೂ ಹೆಚ್ಚುಕಡಿಮೆ ಒಂದೇ ಅಳತೆಯವು. ಹಿಂದಿನ ಚಕ್ರವನ್ನು ಸರಪಳಿ ತಿರುಗಿಸುತ್ತಿತ್ತು. ಮುಂದಿನ ಹತ್ತು ವರ್ಷಗಳೊಳಗೆ ಇಂದಿನ ವಜ್ರಾಕೃತಿಯ ಚೌಕಟ್ಟು ರೂಢಿಗೆ ಬಂದಿತು.

ಈ ಚೌಕಟ್ಟಿನಲ್ಲಿ ಎರಡು ತ್ರಿಕೋನಗಳಿವೆಯೆಂದು ಹೇಳುವುದು ವಾಡಿಕೆ. ಮೂರು ಕಡ್ಡಿಗಳನ್ನು ತುದಿಗಳಲ್ಲಿ ಜೋಡಿಸಿದ ತ್ರಿಕೋನವು, ಕಡ್ಡಿಗಳ ಉದ್ದ ಬದಲಾಗದ ಹೊರತು ತನ್ನ ಆಕಾರವನ್ನು ಬಿಡುವುದಿಲ್ಲ. ಹೀಗಾಗಿ ಕಡ್ಡಿಗಳು ಎಳೆತ ಅಥವಾ ಒತ್ತಡವನ್ನು ಮಾತ್ರ ಸಹಿಸಿದರೆ ಸಾಕು, ಬಾಗಬೇಕಾಗುವುದಿಲ್ಲ. ಆದರೆ ಸೈಕಲ್ಲಿನ ಮುಂದಿನ ‘ತ್ರಿಕೋನ’ವನ್ನು ದಿಟ್ಟಿಸಿ ನೋಡಿದರೆ ಅದು ನಿಜವಾಗಿ ಚತುರ್ಭುಜವೆಂದು ತಿಳಿಯುತ್ತದೆ. ಮೇಲಿನ ಬಾರು, ಕೆಳಗಿನ ಓರೆಕೊಳವೆ, ಸೀಟಿನ ಕೊಳವೆ — ಈ ಮೂರರೊಡನೆ ಹ್ಯಾಂಡಲಿನ ದಂಡವು ತಿರುಗುವ ಗಿಡ್ಡ ಕೊಳವೆಯೂ ಒಂದು ಭುಜವಾಗಿದೆ. ಇದನ್ನು ತಲೆಕೊಳವೆ ಎಂದು ಕರೆಯೋಣ. ಸಣ್ಣ ಸೈಕಲ್ಲಿನಲ್ಲಿ ಇದರ ಉದ್ದ ಸುಮಾರು ೧೨ ಸೆಂಟಿಮೀಟರು. ಅಲ್ಲಿ ಚತುರ್ಭುಜವು ತ್ರಿಕೋನಕ್ಕೆ ಬಹು ಸಮೀಪವಾಗಿರುತ್ತದೆ. ಎತ್ತರದವನ ಸೈಕಲ್ಲಿನಲ್ಲಿ ಇದು ೨೨ ಸೆಂಟಿಮೀಟರಿನಷ್ಟಾಗುತ್ತದೆ. ತ್ರಿಕೋನದ ಗುಣ ಅಷ್ಟರಮಟ್ಟಿಗೆ ಕಡಮೆಯಾಗಿ, ಕೊಳವೆಗಳು ಬಾಗುವ ಸಂದರ್ಭ ಹೆಚ್ಚುತ್ತದೆ.

ಹಿಂದಿನ ಕಾಲದ ಇಂಗ್ಲಿಷ್ ತಯಾರಕರು ಅತಿ ಎತ್ತರದ ಚೌಕಟ್ಟುಗಳಿಗೆ ಮೇಲಿನ ಬಾರಿನ ಕೆಳಗೆ ಇನ್ನೊಂದು ಬಾರನ್ನು ಕೂಡಿಸುತ್ತಿದ್ದುದು ಈ ಕೊರತೆಯನ್ನು ನೀಗಲೆಂದೇ. ನಮ್ಮ ಊರುಗಳಲ್ಲಿ ಹೊರೆ ಸಾಗಿಸಲು ಬಳಕೆಯಾದ ‘ಡಬಲ್ ಬಾರ್’ ಸೈಕಲ್ಲು ಅದೇ ಜಾತಿಯದು. ಆದರೆ ಉದ್ದನೆಯ ತಲೆಕೊಳವೆಯಿಂದ ಒಂದು ಉಪಕಾರವೂ ಉಂಟು. ಬ್ರೇಕು ಹಾಕಿದಾಗ ಮುಂದಿನ ಫೋರ್ಕು ತಲೆಕೊಳವೆಯನ್ನು ಮೀಟಿ ತಿರುಗಿಸಲು ಯತ್ನಿಸುತ್ತದೆ. ಅದನ್ನು ತಲೆಕೊಳವೆಯ ಮೇಲು ಕೆಳ ತುದಿಗಳಲ್ಲಿ ಹುಟ್ಟುವ ಜೋಡಿಬಲಗಳು ತಡೆಯುತ್ತವೆ. ತುದಿಗಳ ನಡುವಣ ಅಂತರ ಹೆಚ್ಚಿದಷ್ಟೂ ಈ ಬಲಗಳು ಕಡಮೆಯಾಗುತ್ತವೆ. ೧೨ ಸೆಂಟಿಮೀಟರಿನ ಕೊಳವೆಯಲ್ಲಿ ಬೇಕಾಗುವ ಬಲದ ಅರ್ಧಕ್ಕಿಂತ ತುಸು ಹೆಚ್ಚು ಬಲವೇ ೨೨ ಸೆಂಟಿಮೀಟರಿನ ಕೊಳವೆಯಲ್ಲಿ ಸಾಕಾಗುತ್ತದೆ. ಎತ್ತರದವರು ಮೇಲುಭಾಗ ಮೋಟಾದ ಸಣ್ಣ ಚೌಕಟ್ಟನ್ನು ಕೊಂಡು, ಸೀಟನ್ನೂ ಹ್ಯಾಂಡಲನ್ನೂ ಏರಿಸಿಕೊಂಡು ಸರಿತೂಗಿಸಬಾರದೆಂಬುದಕ್ಕೆ ಇದೊಂದು ಕಾರಣ.

ಭಾರವು ಮಾಡುವ ಕೆಲಸ

ಚೌಕಟ್ಟಿನ ಮೇಲೆ ಮುಖ್ಯವಾಗಿ ಮೂರು ಬಗೆಯ ಹೊರೆಗಳು ಬೀಳುತ್ತವೆ. ಸವಾರನ ತೂಕ ಮತ್ತು ರಸ್ತೆಯ ಕುಲುಕಾಟ ಮೊದಲನೆಯದು. ಬ್ರೇಕಿನ ಸೆಳೆತ ಎರಡನೆಯದು. ಮೂರನೆಯದು ಪೆಡಲಿನ ತುಳಿತ. ಪೆಡಲು ಚೌಕಟ್ಟಿನ ಸಮತಲದಲ್ಲಿಲ್ಲ. ಸುಮಾರು ೧೨ ಸೆಂಟಿಮೀಟರು ಪಕ್ಕಕ್ಕಿದೆ. ಹೀಗಾಗಿ ಪ್ರತಿ ತುಳಿತವೂ ಚೌಕಟ್ಟನ್ನು ಪಕ್ಕಕ್ಕೆ ಬಾಗಿಸಿ ತಿರುಚುತ್ತದೆ. ಬಲಗಾಲು ಒಂದು ಕಡೆಗೆ, ಎಡಗಾಲು ಇನ್ನೊಂದು ಕಡೆಗೆ — ಹೀಗೆ ಈ ತಿರುಚು ಅವಿರತವಾಗಿ ನಡೆಯುತ್ತದೆ. ತ್ರಿಕೋನದ ಗುಣ ಇಲ್ಲಿ ನೆರವಿಗೆ ಬರುವುದಿಲ್ಲ, ಏಕೆಂದರೆ ಬಲವು ತ್ರಿಕೋನದ ಸಮತಲಕ್ಕೆ ಹೊರಗಿದೆ. ಕೊಳವೆಗಳ ಸ್ವಂತ ಬಿಗುವೇ ಇಲ್ಲಿ ಆಧಾರ.

ಸೈಕಲ್ಲುಗಳ ಸುರಕ್ಷತೆಗಾಗಿ ಐ.ಎಸ್.ಒ. ೪೨೧೦ ಎಂಬ ಅಂತರರಾಷ್ಟ್ರೀಯ ಮಾನಕವಿದೆ. ಅದರ ಪ್ರಕಾರ ರಸ್ತೆ ಪಂದ್ಯದ ಸೈಕಲ್ಲಿನ ಚೌಕಟ್ಟು, ಪೆಡಲುಗಳ ಮೇಲೆ ಸರದಿಯಂತೆ ೧೧೦೦ ನ್ಯೂಟನ್ ಬಲವನ್ನು ಒಂದು ಲಕ್ಷ ಸಲ ಪ್ರಯೋಗಿಸಿದರೂ ಬಿರುಕು ಬಿಡಬಾರದು. ೭೦ ಕಿಲೋಗ್ರಾಂ ಸವಾರನು ತನ್ನ ಸಂಪೂರ್ಣ ತೂಕವನ್ನು ಪೆಡಲಿನ ಮೇಲೆ ಹಾಕಿ ನಿಂತರೆ ಉಂಟಾಗುವ ಬಲ ಸುಮಾರು ೬೮೬ ನ್ಯೂಟನ್. ಆತನಿಗೆ ಪರೀಕ್ಷೆಯ ಬಲವು ಅಪರೂಪದ ಗರಿಷ್ಠ. ೧೧೦ ಕಿಲೋಗ್ರಾಂ ಸವಾರನ ತೂಕವಾದರೋ ೧೦೭೮ ನ್ಯೂಟನ್! ಆತನು ಏರಿನಲ್ಲಿ ಎದ್ದು ನಿಂತು ತುಳಿದಾಗಲೆಲ್ಲ ಪರೀಕ್ಷಾ ಯಂತ್ರದ ಕೆಲಸವನ್ನೇ ಮಾಡುತ್ತಿರುತ್ತಾನೆ.

ನಂದಿಬೆಟ್ಟದಂಥ ಏರನ್ನು ನೆನೆಯೋಣ. ದಾರಿ ಎಂಟು ಕಿಲೋಮೀಟರೆಂದೂ, ಕಡಿದಾದ ಏರಿಗೆ ತಕ್ಕ ಗೇರಿನಲ್ಲಿ ಪೆಡಲಿನ ಒಂದು ಸುತ್ತಿಗೆ ಸೈಕಲ್ಲು ಎರಡೂವರೆ ಮೀಟರು ಸಾಗುವುದೆಂದೂ ಇಟ್ಟುಕೊಂಡರೆ, ಒಟ್ಟು ೩೨೦೦ ಸುತ್ತುಗಳಾಗುತ್ತವೆ. ಅದರಲ್ಲಿ ಕಾಲುಭಾಗವನ್ನು ನಿಂತು ತುಳಿದರೆ ೮೦೦ ಸುತ್ತು. ವಾರಕ್ಕೊಮ್ಮೆ ಬೆಟ್ಟ ಏರುವವನಿಗೆ ಸುಮಾರು ಎರಡೂವರೆ ವರ್ಷಗಳಲ್ಲಿ ಒಂದು ಲಕ್ಷದ ಲೆಕ್ಕ ತುಂಬುತ್ತದೆ. ಅಂದೇ ಚೌಕಟ್ಟು ಮುರಿಯುತ್ತದೆಂದು ಇದರ ಅರ್ಥವಲ್ಲ. ಒಳ್ಳೆಯ ಚೌಕಟ್ಟು ಪರೀಕ್ಷೆಯನ್ನು ಮೀರಿ ಬಹುಕಾಲ ಬಾಳುತ್ತದೆ. ಆದರೆ ಹಗುರ ಸವಾರನಿಗಿರುವ ಸುರಕ್ಷತೆಯ ಅಂತರ ಭಾರದವನಿಗಿಲ್ಲವೆಂಬುದು ಸ್ಪಷ್ಟ.

ಲೋಹದ ದಣಿವು

ಒಂದು ಸಲ ಹಾಕಿದರೆ ಏನೂ ಆಗದ ಹೊರೆಯನ್ನು ಲಕ್ಷಾಂತರ ಸಲ ಹಾಕಿದರೆ ಲೋಹ ಮುರಿಯುವುದುಂಟು. ಇದಕ್ಕೆ ಲೋಹದ ದಣಿವೆಂದು ಹೆಸರು. ೧೮೪೨ರಲ್ಲಿ ಫ್ರಾನ್ಸಿನ ವರ್ಸೇಲ್ಸ್ ಬಳಿ ರೈಲುಗಾಡಿಯ ಅಚ್ಚು ಮುರಿದು ಬಹುಮಂದಿ ಸತ್ತ ದುರಂತವು ವಿಜ್ಞಾನಿಗಳ ಗಮನವನ್ನು ಇತ್ತ ಸೆಳೆಯಿತು. ಮುಂದೆ ಜರ್ಮನಿಯ ಆಗಸ್ಟ್ ವೋಲರ್ ರೈಲಿನ ಅಚ್ಚುಗಳನ್ನು ವರ್ಷಗಟ್ಟಲೆ ಪರೀಕ್ಷಿಸಿ ಇದರ ನಿಯಮಗಳನ್ನು ಕಂಡುಹಿಡಿದನು. ೧೯೫೪ರಲ್ಲಿ ‘ಕಾಮೆಟ್’ ವಿಮಾನಗಳು ಆಕಾಶದಲ್ಲೇ ಒಡೆದುದಕ್ಕೂ ದಣಿವೇ ಕಾರಣವೆಂದು ತಿಳಿದುಬಂತು.

ದಣಿವು ಬರುವ ಬಗೆ ಹೀಗಿದೆ. ಬೆಸುಗೆಯ ಅಂಚು, ಕೊರೆದ ರಂಧ್ರ, ತುಕ್ಕು ತಿಂದ ಕುಳಿ — ಇಂತಹ ಎಡೆಗಳಲ್ಲಿ ಪೀಡನವು, ಎಂದರೆ ಏಕಮಾನ ವಿಸ್ತೀರ್ಣದ ಮೇಲಿನ ಬಲವು, ಸುತ್ತಲಿಗಿಂತ ಹಲವು ಪಟ್ಟು ಸಾಂದ್ರವಾಗುತ್ತದೆ. ಅಲ್ಲೊಂದು ಕೂದಲೆಳೆಯಂಥ ಬಿರುಕು ಹುಟ್ಟುತ್ತದೆ. ಪ್ರತಿ ಹೊರೆಗೂ ಅದು ಕಾಣಿಸದಷ್ಟು ಮುಂದುವರಿಯುತ್ತದೆ. ಉಳಿದ ಲೋಹ ಹೊರೆಯನ್ನು ತಾಳದಷ್ಟು ಕಿರಿದಾದಾಗ ಚೌಕಟ್ಟು ಹಠಾತ್ತಾಗಿ ಮುರಿಯುತ್ತದೆ.

ಇಲ್ಲಿ ಗಮನಿಸಬೇಕಾದ ಮುಖ್ಯ ಸಂಗತಿಯೊಂದಿದೆ. ಬೆಸುಗೆ ಹಾಕಿದ ಸಂದುಗಳಲ್ಲಿ ಆಯುಸ್ಸು ಪೀಡನದ ಘನಕ್ಕೆ ವಿಲೋಮವಾಗಿರುವುದೆಂದು ಎಂಜಿನಿಯರುಗಳು ಲೆಕ್ಕ ಹಿಡಿಯುತ್ತಾರೆ. ೭೦ ಕಿಲೋಗ್ರಾಂಗೆ ಬದಲಾಗಿ ೧೧೦ ಕಿಲೋಗ್ರಾಂ ಎಂದರೆ ಹೊರೆ ೧.೫೭ ಪಟ್ಟು. ಇದರ ಘನ ಸುಮಾರು ೩.೯. ಹಗುರ ಸವಾರನಿಗೆ ಇಪ್ಪತ್ತು ವರ್ಷ ಬಾಳುವ ಸಂದು, ಅಷ್ಟೇ ದೂರ ಓಡಿಸುವ ಭಾರದವನಿಗೆ ಐದು ವರ್ಷ ಬಾಳಬಹುದೆಂದಾಯಿತು. ತೂಕ ಒಂದೂವರೆಯಾದರೆ ಆಯುಸ್ಸು ಮೂರರಲ್ಲೆರಡಾಗುವುದಿಲ್ಲ, ಕಾಲುಭಾಗಕ್ಕೆ ಇಳಿಯುತ್ತದೆ! ಇದರ ಇನ್ನೊಂದು ಮುಖ ಆಶಾದಾಯಕವಾದುದು: ಪೀಡನವನ್ನು ತುಸುವೇ ಕಡಮೆ ಮಾಡಿದರೂ ಆಯುಸ್ಸು ಬಹಳವಾಗಿ ಹೆಚ್ಚುತ್ತದೆ.

ಕೊಳವೆಯ ವ್ಯಾಸ

ಪೀಡನವನ್ನು ಕಡಮೆ ಮಾಡುವ ಉಪಾಯ ಯಾವುದು? ತೆಳ್ಳನೆಯ ಗೋಡೆಯ ಕೊಳವೆಯೊಂದರ ತೂಕವು ವ್ಯಾಸ ಮತ್ತು ಗೋಡೆಯ ದಪ್ಪ — ಇವೆರಡರ ಗುಣಲಬ್ಧಕ್ಕೆ ಅನುಗುಣವಾಗಿರುತ್ತದೆ. ಬಾಗುವಿಕೆಯನ್ನು ತಾಳುವ ಬಲವು ವ್ಯಾಸದ ವರ್ಗಕ್ಕೂ, ಬಿಗುವು ವ್ಯಾಸದ ಘನಕ್ಕೂ ಅನುಗುಣವಾಗಿರುತ್ತವೆ. ದಪ್ಪಕ್ಕೆ ಮಾತ್ರ ಎರಡೂ ನೇರ ಅನುಪಾತದಲ್ಲಿವೆ. ಆದ್ದರಿಂದ ಗೋಡೆಯನ್ನು ದಪ್ಪಗೊಳಿಸುವುದಕ್ಕಿಂತ ವ್ಯಾಸವನ್ನು ಹಿಗ್ಗಿಸುವುದೇ ಲಾಭದಾಯಕ.

ಉದಾಹರಣೆಗೆ, ಹಳೆಯ ಉಕ್ಕಿನ ಸೈಕಲ್ಲುಗಳಲ್ಲಿ ಓರೆಕೊಳವೆಯ ವ್ಯಾಸ ೨೮.೬ ಮಿಲಿಮೀಟರು. ಗೋಡೆಯ ದಪ್ಪವನ್ನು ಹಾಗೆಯೇ ಉಳಿಸಿ ವ್ಯಾಸವನ್ನು ೩೧.೮ ಮಿಲಿಮೀಟರಿಗೆ ಏರಿಸಿದರೆ ಕೊಳವೆಯ ತೂಕ ನೂರಕ್ಕೆ ೧೧ರಷ್ಟು ಹೆಚ್ಚುತ್ತದೆ. ಬಲವಾದರೆ ನೂರಕ್ಕೆ ೨೪ರಷ್ಟೂ ಬಿಗುವು ೩೭ರಷ್ಟೂ ಏರುತ್ತವೆ. ಮೇಲೆ ಹೇಳಿದ ಘನದ ನಿಯಮವನ್ನು ಅನ್ವಯಿಸಿದರೆ ಸಂದಿನ ಆಯುಸ್ಸು ಸುಮಾರು ಇಮ್ಮಡಿಯಾಗುತ್ತದೆ. ಮೂರು ಮಿಲಿಮೀಟರಿನ ಮಹಿಮೆ ಇದು!

ಎತ್ತರವೂ ಭಾರವೂ ಒಂದುಗೂಡಿದಾಗ ಈ ಮಹಿಮೆ ಅಗತ್ಯವೇ ಆಗುತ್ತದೆ. ಒಂದು ತುದಿಯ ಹೊರೆಯಿಂದ ಕೊಳವೆ ಬಾಗುವ ಪ್ರಮಾಣವು ಉದ್ದದ ಘನಕ್ಕೆ ಅನುಗುಣವಾಗಿರುತ್ತದೆ. ಕೊಳವೆ ನೂರಕ್ಕೆ ೧೦ರಷ್ಟು ಉದ್ದವಾದರೆ ಬಾಗು ೩೩ರಷ್ಟು ಹೆಚ್ಚುತ್ತದೆ. ಹೊರೆಯೂ ೧.೫೭ ಪಟ್ಟಾದರೆ ಒಟ್ಟು ಬಾಗು ಎರಡು ಪಟ್ಟನ್ನು ಮೀರುತ್ತದೆ. ಇದನ್ನು ಮೊದಲಿನ ಮಟ್ಟಕ್ಕೆ ತರಬೇಕಾದರೆ ೨೮.೬ ಮಿಲಿಮೀಟರಿನ ಕೊಳವೆಗೆ ಬದಲು ಸುಮಾರು ೩೬.೬ ಮಿಲಿಮೀಟರಿನದು ಬೇಕು. ಎಲ್ಲ ಅಳತೆಯ ಚೌಕಟ್ಟುಗಳಿಗೂ ಒಂದೇ ವ್ಯಾಸದ ಕೊಳವೆಗಳನ್ನು ಬಳಸುವ ತಯಾರಕರೂ ಇದ್ದಾರೆ. ಅಂತಹ ಮಾದರಿಯು ಎತ್ತರದವನಿಗೆ ತಕ್ಕುದಲ್ಲ.

ಹಾಗಾದರೆ ವ್ಯಾಸವನ್ನು ಹಿಗ್ಗಿಸುತ್ತ, ಗೋಡೆಯನ್ನು ತೆಳುಮಾಡುತ್ತ ಹೋಗಬಹುದೇ? ಅದಕ್ಕೊಂದು ಮೇರೆಯುಂಟು. ವ್ಯಾಸವು ಗೋಡೆಯ ದಪ್ಪದ ಐವತ್ತು ಪಟ್ಟನ್ನು ಬಹಳವಾಗಿ ಮೀರಿದರೆ ಕೊಳವೆಯು ತಗಡಿನ ಡಬ್ಬಿಯಂತೆ ಸುಲಭವಾಗಿ ನೆಗ್ಗುತ್ತದೆ. ನೆಗ್ಗು ಬಿದ್ದ ಕಡೆ ಪೀಡನ ಸಾಂದ್ರವಾಗುತ್ತದೆ. ಈ ತೊಡಕಿಗೆ ಬರ್ಮಿಂಗ್‌ಹ್ಯಾಮಿನ ಆಲ್ಫ್ರೆಡ್ ರೆನಾಲ್ಡ್ಸ್ ೧೮೯೭ರಲ್ಲಿಯೇ ಒಂದು ಪರಿಹಾರಕ್ಕೆ ಪೇಟೆಂಟು ಪಡೆದಿದ್ದನು. ಕೊಳವೆಯ ಹೊರವ್ಯಾಸವನ್ನು ಬದಲಿಸದೆ, ಬೆಸುಗೆ ಬೀಳುವ ತುದಿಗಳಲ್ಲಿ ಗೋಡೆಯನ್ನು ದಪ್ಪವಾಗಿಯೂ ನಡುವೆ ತೆಳುವಾಗಿಯೂ ಮಾಡುವುದೇ ಆ ಉಪಾಯ. ಭಾರದವನು ಇಂತಹ ಕೊಳವೆಗಳನ್ನು ಆರಿಸಬಹುದು; ಆದರೆ ಅವುಗಳಲ್ಲಿ ಅತ್ಯಂತ ತೆಳುವಾದುದನ್ನು ಆರಿಸಬಾರದು.

ಯಾವ ವಸ್ತು ಮೇಲು?

ಕೊಳ್ಳುವವರು ಮೊದಲು ಕೇಳುವ ಪ್ರಶ್ನೆ ಇದು. ನಾವು ಇದನ್ನು ಕೊನೆಗೆ ಇಟ್ಟುಕೊಂಡಿರುವುದಕ್ಕೆ ಕಾರಣವಿದೆ. ಉಕ್ಕಿನ ಯಂಗ್ ಗುಣಾಂಕ ಸುಮಾರು ೨೦೦, ಟೈಟೇನಿಯಮಿನದು ೧೦೮, ಅಲ್ಯೂಮಿನಿಯಮಿನದು ೭೦ ಗಿಗಾಪಾಸ್ಕಲ್. ಅವುಗಳ ಸಾಂದ್ರತೆ ಕ್ರಮವಾಗಿ ನೀರಿನ ೭.೮, ೪.೫ ಮತ್ತು ೨.೭ ಪಟ್ಟು. ಗುಣಾಂಕವನ್ನು ಸಾಂದ್ರತೆಯಿಂದ ಭಾಗಿಸಿದರೆ ಮೂರಕ್ಕೂ ೨೪ರಿಂದ ೨೬ರವರೆಗಿನ ಸಂಖ್ಯೆಯೇ ಬರುತ್ತದೆ. ಎಂದರೆ, ತೂಕಕ್ಕೆ ತಕ್ಕ ಬಿಗುವಿನಲ್ಲಿ ಮೂರು ಲೋಹಗಳೂ ಸರಿಸಮಾನ. ಅಲ್ಯೂಮಿನಿಯಮಿನ ಚೌಕಟ್ಟು ಹಗುರವಾಗಿಯೂ ಬಿಗುವಾಗಿಯೂ ಇರುವುದಕ್ಕೆ ಅದರ ಸಾಂದ್ರತೆ ಕಡಮೆಯಿರುವುದರಿಂದ ಕೊಳವೆಯನ್ನು ಅಗಲವಾಗಿ ಮಾಡಲು ಸಾಧ್ಯವಾದುದೇ ಕಾರಣ. ಅಮೆರಿಕದ ಗ್ಯಾರಿ ಕ್ಲೈನ್ ೧೯೭೦ರ ದಶಕದಲ್ಲಿ ಇದನ್ನು ಮಾಡಿ ತೋರಿಸಿದನು.

ಉಕ್ಕಿಗೆ ಒಂದು ವಿಶೇಷ ಗುಣವಿದೆ. ಪೀಡನವು ಒಂದು ಮಿತಿಗಿಂತ ಕೆಳಗಿದ್ದರೆ ಎಷ್ಟು ಸಲ ಹೊರೆ ಹಾಕಿದರೂ ಅದು ದಣಿಯುವುದಿಲ್ಲವೆನ್ನಬಹುದು. ಆದರೆ ತುಕ್ಕು ಹಿಡಿದರೆ ಈ ಮಿತಿ ಇಲ್ಲವಾಗುತ್ತದೆ. ಕರಾವಳಿಯ ತೇವದ ಹವೆಯಲ್ಲಿಯೂ, ಬೆವರು ತೊಟ್ಟಿಕ್ಕುವ ಕಡೆಯಲ್ಲಿಯೂ ಕೊಳವೆಯ ಒಳಮೈಗೆ ಎಣ್ಣೆ ಅಥವಾ ಮೇಣದ ಲೇಪ ಕೊಡಬೇಕು. ಅಲ್ಯೂಮಿನಿಯಮಿಗೆ ಅಂತಹ ಸ್ಪಷ್ಟ ಮಿತಿಯಿಲ್ಲ. ಬೆಸುಗೆಯ ಬಿಸಿಯಿಂದ ಸುತ್ತಲಿನ ಮಿಶ್ರಲೋಹದ ಬಲ ಬಹಳವಾಗಿ ಕುಗ್ಗುವುದರಿಂದ ಶಾಖಸಂಸ್ಕಾರ ಅಗತ್ಯ. ಟೈಟೇನಿಯಂ ತುಕ್ಕು ಹಿಡಿಯದು, ದಣಿವನ್ನು ಚೆನ್ನಾಗಿ ತಾಳುತ್ತದೆ. ಆದರೆ ಬೆಲೆ ಹೆಚ್ಚು, ಆರ್ಗಾನ್ ಅನಿಲದ ರಕ್ಷಣೆಯಲ್ಲಿ ನಡೆಯಬೇಕಾದ ಅದರ ಬೆಸುಗೆಯೂ ನಾಜೂಕು. ಕಾರ್ಬನ್ ನಾರಿನ ಚೌಕಟ್ಟು ದಣಿವಿಗೆ ಬಹಳ ಗಟ್ಟಿ. ಆದರೆ ಪಕ್ಕದಿಂದ ಪೆಟ್ಟು ಬಿದ್ದರೆ ನಾರಿನ ಪದರಗಳು ಒಳಗೇ ಬೇರ್ಪಟ್ಟು ಹೊರಗೆ ಏನೂ ಕಾಣದಿರಬಹುದು.

ಅಲ್ಯೂಮಿನಿಯಮಿಗೆ ದಣಿವಿನ ಮಿತಿಯಿಲ್ಲವಾದ್ದರಿಂದ ಅದು ಬೇಗ ಮುರಿಯಲೇಬೇಕೆಂದು ಅನೇಕರು ವಾದಿಸುತ್ತಾರೆ. ೧೯೯೭ರಲ್ಲಿ ಜರ್ಮನಿಯ ‘ಟೂರ್’ ಪತ್ರಿಕೆಯು ಹನ್ನೆರಡು ಉತ್ತಮ ದರ್ಜೆಯ ಚೌಕಟ್ಟುಗಳನ್ನು ಯಂತ್ರಕ್ಕೆ ಕಟ್ಟಿ ದಣಿವಿನ ಪರೀಕ್ಷೆಗೆ ಒಳಪಡಿಸಿತು. ಕೊನೆಯವರೆಗೂ ಮುರಿಯದೆ ಉಳಿದುವು ಮೂರು ಮಾತ್ರ: ಎರಡು ಅಲ್ಯೂಮಿನಿಯಮಿನವು, ಒಂದು ಕಾರ್ಬನ್ನಿನದು. ಉಕ್ಕಿನವೂ ಟೈಟೇನಿಯಮಿನವೂ ಬಿರುಕುಬಿಟ್ಟಿದ್ದವು. ಇದರಿಂದ ಉಕ್ಕು ಕೀಳೆಂದು ತೀರ್ಮಾನಿಸುವುದು ತಪ್ಪು. ವಸ್ತುವಿನ ಹೆಸರಲ್ಲ, ಸಂದುಗಳಲ್ಲಿ ಪೀಡನವನ್ನು ಎಷ್ಟು ಕಡಮೆ ಮಟ್ಟದಲ್ಲಿ ಇಟ್ಟಿದ್ದಾರೆಂಬುದೇ ಬಾಳಿಕೆಯನ್ನು ನಿರ್ಧರಿಸುತ್ತದೆಂಬುದೇ ಇದರ ಪಾಠ.

ಸೀಟಿನ ದಂಡ ಮತ್ತು ನಡುಕ

ಚೌಕಟ್ಟು ಚಿಕ್ಕದಾದರೆ ಸೀಟಿನ ದಂಡವನ್ನು ಬಹಳ ಮೇಲಕ್ಕೆಳೆಯಬೇಕಾಗುತ್ತದೆ. ದಂಡವು ಹಿಂದಕ್ಕೆ ಓರೆಯಾಗಿರುವುದರಿಂದ ಅದೊಂದು ಸನ್ನೆಯಂತೆ ವರ್ತಿಸುತ್ತದೆ. ಹೊರಚಾಚಿದ ಉದ್ದ ೧೨ರಿಂದ ೨೪ ಸೆಂಟಿಮೀಟರಿಗೆ ಏರಿದರೆ ಸೀಟಿನ ಕೊಳವೆಯ ಬಾಯಲ್ಲಿ ಬಾಗಿಸುವ ಪರಿಣಾಮ ಇಮ್ಮಡಿಯಾಗುತ್ತದೆ. ದಂಡದ ಮೇಲೆ ಗುರುತಿಸಿರುವ ಕನಿಷ್ಠ ಆಳದ ಗೆರೆ ಎಂದೂ ಹೊರಗೆ ಕಾಣಬಾರದು. ಭಾರದವರ ವಿಷಯದಲ್ಲಿ ದಂಡವು ಮೇಲಿನ ಬಾರಿನ ಸಂದನ್ನು ದಾಟಿ ಕೆಳಗಿಳಿದಿರುವುದು ಒಳ್ಳೆಯದು.

ಎತ್ತರದ ಚೌಕಟ್ಟುಗಳಲ್ಲಿ ಇನ್ನೊಂದು ಅಪಾಯವುಂಟು. ವೇಗವಾಗಿ ಇಳಿಯುವಾಗ ಹ್ಯಾಂಡಲು ತಾನಾಗಿ ಎಡಬಲಕ್ಕೆ ನಡುಗತೊಡಗಿ, ನಡುಕ ಬೆಳೆಯುತ್ತ ಹೋಗಬಹುದು. ಪ್ರತಿ ವಸ್ತುವಿಗೂ ಸ್ವಾಭಾವಿಕ ಕಂಪನಾಂಕವೊಂದಿದೆ. ಅದು ಬಿಗುವನ್ನು ದ್ರವ್ಯರಾಶಿಯಿಂದ ಭಾಗಿಸಿದಾಗ ಬರುವ ಸಂಖ್ಯೆಯ ವರ್ಗಮೂಲಕ್ಕೆ ಅನುಗುಣವಾಗಿರುತ್ತದೆ. ಚೌಕಟ್ಟು ಮೆತುವಾಗಿ ಸವಾರನು ಭಾರವಾಗಿದ್ದರೆ ಕಂಪನಾಂಕ ಇಳಿಯುತ್ತದೆ. ರೂಢಿಯ ವೇಗಗಳಲ್ಲಿಯೇ ನಡುಕ ಕೆರಳುವ ಸಂಭವ ಹೆಚ್ಚುತ್ತದೆ. ಆಗ ಗಾಬರಿಯಿಂದ ಹ್ಯಾಂಡಲನ್ನು ಬಿಗಿಯಾಗಿ ಹಿಡಿಯಬಾರದು. ಮೊಣಕಾಲನ್ನು ಮೇಲಿನ ಬಾರಿಗೆ ಒತ್ತಿ ಮೆಲ್ಲನೆ ವೇಗ ತಗ್ಗಿಸಿದರೆ ಕಾಲಿನ ಮಾಂಸಖಂಡಗಳು ಕಂಪನದ ಶಕ್ತಿಯನ್ನು ಹೀರಿಕೊಳ್ಳುತ್ತವೆ. ತಿರುಚನ್ನು ತಾಳುವ ಅಗಲವಾದ ಕೊಳವೆಗಳು ಈ ಅಪಾಯವನ್ನೂ ತಗ್ಗಿಸುತ್ತವೆ.

ಕೊಳ್ಳುವವರಿಗೆ ಸೂಚನೆಗಳು

೧. ತಯಾರಕರು ನಮೂದಿಸಿರುವ ತೂಕದ ಮಿತಿಯನ್ನು ಮೊದಲು ಓದಬೇಕು. ಅದು ಸವಾರನೊಬ್ಬನದೋ, ಸೈಕಲ್ಲು ಮತ್ತು ಸಾಮಾನು ಸೇರಿದ್ದೋ ಎಂಬುದನ್ನು ಕೇಳಿ ತಿಳಿಯಬೇಕು. ಚೌಕಟ್ಟು, ಫೋರ್ಕು, ಚಕ್ರ, ಸೀಟಿನ ದಂಡ — ಇವುಗಳಲ್ಲಿ ಯಾವುದರ ಮಿತಿ ಕಡಮೆಯೋ ಅದೇ ಇಡೀ ಸೈಕಲ್ಲಿನ ಮಿತಿ.

೨. ಮೈಯಳತೆಗೆ ಸರಿಯಾದ ದೊಡ್ಡ ಚೌಕಟ್ಟನ್ನೇ ಕೊಳ್ಳಬೇಕು. ದೊಡ್ಡ ಅಳತೆಗೆ ಅಗಲವಾದ ಕೊಳವೆಗಳನ್ನು ಬಳಸಿದ್ದಾರೆಯೇ ಎಂದು ವಿಚಾರಿಸಬೇಕು.

೩. ೩೨ ಮಿಲಿಮೀಟರಿನ ಟೈರು ಹಿಡಿಯುವಷ್ಟು ಎಡೆ ಚೌಕಟ್ಟಿನಲ್ಲಿರಬೇಕು. ಅಗಲವಾದ ಟೈರು ರಸ್ತೆಯ ಪೆಟ್ಟನ್ನು ಚೌಕಟ್ಟಿಗೆ ಮುಟ್ಟುವ ಮೊದಲೇ ಮೆತ್ತಗಾಗಿಸುತ್ತದೆ. ಹಿಂದಿನ ಚಕ್ರಕ್ಕೆ ೩೨ ಅಥವಾ ೩೬ ಕಡ್ಡಿಗಳಿರಲಿ.

೪. ತೂಕ ಉಳಿಸುವ ಹಂಬಲವನ್ನು ಬಿಡಬೇಕು. ಸವಾರ, ಸೈಕಲ್ಲು ಕೂಡಿ ೧೧೮ ಕಿಲೋಗ್ರಾಂ ಇರುವಲ್ಲಿ ಚೌಕಟ್ಟು ಒಂದು ಕಿಲೋಗ್ರಾಂ ಹೆಚ್ಚಾದರೆ, ನಲವತ್ತು ನಿಮಿಷದ ಏರಿನಲ್ಲಿ ಆಗುವ ವಿಳಂಬ ಸುಮಾರು ಇಪ್ಪತ್ತು ಸೆಕೆಂಡು ಮಾತ್ರ.

೫. ತಿಂಗಳಿಗೊಮ್ಮೆ ಸೈಕಲ್ಲನ್ನು ತೊಳೆದು ಒರಸಿ, ನಾಲ್ಕು ಸ್ಥಳಗಳನ್ನು ಬೆಳಕಿನಲ್ಲಿ ಪರೀಕ್ಷಿಸಬೇಕು: ಓರೆಕೊಳವೆಯು ತಲೆಕೊಳವೆಯನ್ನು ಕೂಡುವ ಕೆಳಸಂದು, ಪೆಡಲಿನ ಅಚ್ಚಿನ ಗೂಡು, ಸೀಟಿನ ಕೊಳವೆಯ ಬಾಯಿ, ಹಿಂದಿನ ಚಕ್ರ ಕೂರುವ ಬಲಗಡೆಯ ಕವಲು. ಬಣ್ಣದಲ್ಲಿ ಕೂದಲೆಳೆಯಂಥ ಗೆರೆ, ತುಕ್ಕಿನ ಸಣ್ಣ ಸಾಲು, ಹೊಸದಾಗಿ ಕೇಳಿಬರುವ ಕಿರುಗುಟ್ಟುವ ಸದ್ದು — ಇವು ಬಿರುಕಿನ ಸೂಚನೆಗಳಾಗಿರಬಹುದು. ಬಿರುಕು ಖಚಿತವಾದರೆ ಆ ಸೈಕಲ್ಲನ್ನು ಮತ್ತೆ ಹತ್ತಬಾರದು.

ನಿಸರ್ಗವು ಆನೆಗೆ ಜಿಂಕೆಯ ಕಾಲನ್ನು ಹಿಗ್ಗಿಸಿ ಕೊಡಲಿಲ್ಲ. ಭಾರಕ್ಕೆ ತಕ್ಕಂತೆ ದಪ್ಪನಾದ ಬೇರೆಯೇ ಕಾಲನ್ನು ಕೊಟ್ಟಿತು. ದೇಹ ದೊಡ್ಡದಾದಂತೆ ಎಲುಬು ಅದಕ್ಕಿಂತ ಹೆಚ್ಚಿನ ಪ್ರಮಾಣದಲ್ಲಿ ದಪ್ಪವಾಗಬೇಕೆಂಬುದನ್ನು ಗೆಲಿಲಿಯೋ ೧೬೩೮ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ವಿವರಿಸಿದ್ದಾನೆ. ಸೈಕಲ್ಲಿನ ಚೌಕಟ್ಟಿಗೂ ಅದೇ ನಿಯಮ ಸಲ್ಲುತ್ತದೆ. ಎತ್ತರದ, ಭಾರದ ಸವಾರನು ಅಂಗಡಿಯಲ್ಲಿ ಬಣ್ಣವನ್ನೂ ಹೆಸರನ್ನೂ ನೋಡುವ ಮೊದಲು ಕೊಳವೆಯ ವ್ಯಾಸವನ್ನೂ ಸಂದುಗಳನ್ನೂ ನೋಡಲಿ. ಆತನ ಸೈಕಲ್ಲು ಹಗುರದವನ ಸೈಕಲ್ಲಿನಷ್ಟೇ ಕಾಲ ಬಾಳಬಾರದೆಂಬ ಕಟ್ಟಳೆಯೇನೂ ಇಲ್ಲ.